ಇಯರ್‌ಮಫ್: ಒಂದು ಮಳೆಗಾಲ ಕಳೆದ ಮೇಲೆ

ಯಕ್ಷಗಾನಕ್ಕೆ ಹೋದರೆ ನನಗೆ ಚೆಂಡೆ ಕೇಳಿಸುತ್ತದೆ, ಚಕ್ರತಾಳ ಕೇಳಿಸುವುದಿಲ್ಲ. ಕಾಸರಗೋಡು ಜಿಲ್ಲೆಯ ಅಗ್ನಿಶಾಮಕ ದಳದಲ್ಲಿ ಹತ್ತೊಂಬತ್ತು ವರ್ಷ ವಾಹನ ಓಡಿಸಿ, ಪಂಪ್ ನಡೆಸಿದ್ದರ ಗಳಿಕೆ ಅದು. ಕಿವಿ ಪರೀಕ್ಷೆ ಮಾಡಿದವರು ಕೀಚಲು ದನಿಗಳಿರುವ 4,000 ಹರ್ಟ್ಸ್ ಬಳಿ ತಗ್ಗಿಗೆ ಇಳಿದ ಗೆರೆಯನ್ನು ತೋರಿಸಿ, ಸದ್ದಿಗೆ ಕೆಟ್ಟ ಕಿವಿ ಮೊದಲು ಸೋಲುವುದು ಇಲ್ಲಿಯೇ ಎಂದರು. ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅದೇ ವಾರ ಮಂಗಳೂರಿಗೆ ಹೋಗಿ 1,450 ರೂಪಾಯಿಗೆ ಇಯರ್‌ಮಫ್, ಅಂದರೆ ಸದ್ದು ತಡೆಯಲು ಎರಡೂ ಕಿವಿ ಮುಚ್ಚುವ ಮೆತ್ತೆಯ ಬಟ್ಟಲು, ತಂದೆ.

ಡಬ್ಬದ ಮೇಲೆ 25 ಡೆಸಿಬೆಲ್ ತಗ್ಗಿಸುತ್ತದೆ ಎಂದು ಅಚ್ಚಾಗಿದೆ. ಹಾಗೆಯೇ ನಂಬಬೇಡಿ. ಅಮೆರಿಕದಲ್ಲಿ ಬಳಸುವ ಒಂದು ಲೆಕ್ಕದಂತೆ 7 ಕಳೆದು, ಉಳಿದದ್ದನ್ನು ಅರ್ಧ ಮಾಡಬೇಕು. ಕೈಗೆ ಸಿಗುವುದು 9. ಅದೇನು ಮಹಾ ಎಂದು ನಾನೂ ಅಂದುಕೊಂಡಿದ್ದೆ. ಆದರೆ 85 ಡೆಸಿಬೆಲ್‌ನಲ್ಲಿ 8 ಗಂಟೆ ಇರಬಹುದು, ಮುಂದೆ 3 ಏರಿದಾಗಲೆಲ್ಲ ಸಮಯ ಅರ್ಧವಾಗುತ್ತದೆ ಎಂಬುದು ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಲ್ಲಿನ ನಯೋಶ್ ಸಂಸ್ಥೆಯ ಮಿತಿ. ಮರ ಕೊಯ್ಯುವ ಯಂತ್ರದ್ದು 110ರ ಸುಮಾರು. ಬರಿಗಿವಿಗೆ ಎರಡು ನಿಮಿಷವೂ ಇಲ್ಲ. ಮಫ್ ಹಾಕಿದರೆ ಸುಮಾರು ಹನ್ನೆರಡು.

ಜುಲೈಯಲ್ಲಿ ಬದಿಯಡ್ಕ ರಸ್ತೆಗೆ ಅಡ್ಡ ಬಿದ್ದ ಹಲಸಿನ ಮರ ಕೊಯ್ಯುತ್ತಿದ್ದೆವು. ಕೊಂಬೆಯ ಬಗ್ಗೆ ಎಚ್ಚರಿಸಲು "ಅಣ್ಣಾ, ಗೆಲ್ಲು!" ಎಂದು ಹುಡುಗ ಕೂಗಿದ್ದು ನನಗೆ ಕೇಳಿಸಲಿಲ್ಲ, ಅಂಗಿ ಹಿಡಿದು ಎಳೆದ. ತಪ್ಪು ಮಫ್‌ನದ್ದೋ ನನ್ನ ಕಿವಿಯದ್ದೋ, ಹೇಳಲಾರೆ. ಹೆಗಲು ತಟ್ಟಿದರೆ ಯಂತ್ರ ನಿಲ್ಲಿಸುವುದು ಎಂದು ಈಗ ಮಾಡಿಕೊಂಡಿದ್ದೇವೆ.

ಪಂಪ್ ಪಕ್ಕದಲ್ಲಿ ನಿಲ್ಲುವಾಗ ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಬೆಂಕಿಯ ಹತ್ತಿರ ಹೋಗುವವರಿಗೆ ಮಾತ್ರ ಬೇಡ, ಪ್ಲಾಸ್ಟಿಕ್. ವಾಹನ ಓಡಿಸುವಾಗಲೂ ಹಾಕುವಂತಿಲ್ಲ; ವೈರ್‌ಲೆಸ್ ಕೇಳಬೇಕಲ್ಲ. ಸೈರನ್‌ಗೆ ಗಾಜು ಏರಿಸಿಕೊಳ್ಳುವುದೇ ನನ್ನ ಉಪಾಯ, ಏಪ್ರಿಲ್ ಸೆಕೆಯಲ್ಲಿ ಅದೂ ಒಂದು ಶಿಕ್ಷೆ.

ದೂರುಗಳಿವೆ. ತಲೆಯ ಮೇಲಿನ ಪಟ್ಟಿ ಹೆಲ್ಮೆಟ್‌ಗೆ ಅಡ್ಡ ಬರುತ್ತದೆ. ಹೆಲ್ಮೆಟ್‌ಗೇ ಸಿಕ್ಕಿಸುವ ಬಗೆಯದನ್ನು ಕೊಳ್ಳಬೇಕಿತ್ತು. ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿದು, ಆ ಸಂದಿನಿಂದ ಸದ್ದು ನುಗ್ಗುತ್ತದೆ. ಬೆವರಿಗೂ ಮಳೆಗೂ ನೆನೆದು ನೆನೆದು ಮೆತ್ತೆ ಸೆಪ್ಟೆಂಬರಿಗೇ ಒಣ ಹಪ್ಪಳದಂತೆ ಬಿರುಸಾಯಿತು, ಬಲಗಡೆಯದು ಸೀಳಿದೆ. ಬದಲಿ ಮೆತ್ತೆ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಿ. ನಾನು ಕೇಳಿರಲಿಲ್ಲ.