ಚಿತ್ತಾರದ ಬಿಳಿಗೆ ಅಕ್ಕಿಯೇ ಸರಿ: ನಾಲ್ಕೂ ಬಳಸಿ ನೋಡಿದ್ದೇನೆ

ನಮ್ಮ ಕಡೆ ಗೋಡೆ, ಬುಟ್ಟಿಗಳ ಮೇಲೆ ಬರೆಯುವ ಚಿತ್ತಾರದ ಬಿಳಿ ಗೆರೆಗೆ ಅಕ್ಕಿ ಹಿಟ್ಟು, ಅಕ್ರಿಲಿಕ್, ಜೇಡಿ ಮಣ್ಣು, ಸುಣ್ಣ, ಈ ನಾಲ್ಕರಲ್ಲಿ ಯಾವುದು ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಕ್ಕಿಗೆ. ಕಳೆದ ವರ್ಷ ಭೂಮಿತಾಯಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬಕ್ಕೆ ಎರಡೇ ದಿನ ಇತ್ತು. ಅಕ್ಕಿ ನೆನೆಸಿ ಅರೆಯುವಷ್ಟು ಪುರುಸೊತ್ತಿಲ್ಲ ಅಂತ ಪೇಟೆಯಿಂದ ಬಿಳಿ ಅಕ್ರಿಲಿಕ್ ಡಬ್ಬಿ ತಂದೆ, 300 ರೂಪಾಯಿ. ಹಬ್ಬದ ದಿನ ಗದ್ದೆಗೆ ಒಯ್ಯುವ ಬಿದಿರಿನ ಭೂಮಣ್ಣಿ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಒಣಗಿಸಿ ಆಗಿತ್ತು. ಅದರ ಮೇಲೆ ಅಕ್ರಿಲಿಕ್‌ನಲ್ಲಿ ಎಳೆ, ಅಂದರೆ ಚಿತ್ತಾರದ ಗೆರೆ, ಬರೆದೆ. ಒಂದೇ ಸಲಕ್ಕೆ ಹಾಲಿನಂಥ ಬಿಳಿ, ತುಂಬಾ ಖುಷಿಯಾಯಿತು.

ಬೆಳಗ್ಗೆ ಬುಟ್ಟಿ ಎತ್ತಿದೆ. ಹಿಡಿದ ಕಡೆ ಬಿದಿರು ಸ್ವಲ್ಪ ಬಳುಕಿತು, ಅಲ್ಲೇ ಒಂದು ಎಳೆಯ ತುದಿ ಮೇಲೆದ್ದಿತ್ತು. ಉಗುರಿನಿಂದ ಮುಟ್ಟಿದೆ ಅಷ್ಟೇ, ಗೇಣುದ್ದದ ಎಳೆ ದಾರದ ಹಾಗೆ ಕಿತ್ತು ಕೈಗೆ ಬಂತು. ಅದರ ಹಿಂದೆ ಕೆಮ್ಮಣ್ಣಿನ ಪುಡಿ, ಬುಟ್ಟಿಯ ಮೇಲೆ ಸಗಣಿ ಕಾಣುವ ಪಟ್ಟೆ.

ಕಾರಣ ಸರಳ. ಕೆಮ್ಮಣ್ಣು ಅಂದರೆ ಬರೀ ಮಣ್ಣು, ನೀರು. ಒಣಗಿದ ಮೇಲೆ ಮೇಲ್ಗಡೆ ಪುಡಿ ಪುಡಿಯಾಗೇ ಇರುತ್ತದೆ. ಅಕ್ರಿಲಿಕ್ ಅದರೊಳಗೆ ಇಳಿಯುವುದಿಲ್ಲ, ಪ್ಲಾಸ್ಟಿಕ್ ಸಿಪ್ಪೆ ಥರ ಮೇಲೆ ಕೂರುತ್ತದೆ, ಎದ್ದರೆ ಮಣ್ಣನ್ನೂ ಎತ್ತಿಕೊಂಡೇ ಏಳುತ್ತದೆ. ಅಕ್ಕಿಯ ನೀರು ಹಾಗಲ್ಲ, ಮಣ್ಣಿಗೆ ಇಂಗಿ ಅದರ ಜೊತೆಗೇ ಒಣಗುತ್ತದೆ. ಕೈಯಿಂದ ಜೋರಾಗಿ ಉಜ್ಜಿದರೆ ಮಾಸೀತು, ಸಿಪ್ಪೆಯಾಗಿ ಏಳುವುದಿಲ್ಲ.

ಅಷ್ಟೇ ಅಲ್ಲ, ನನ್ನ ಪುಂಡಿ ನಾರಿನ ಕುಂಚವೂ ಹಾಳಾಯಿತು. ನಾರಿನ ಒಳಗೆ ಬಣ್ಣ ಗಟ್ಟಿಯಾಗಿ ಕಡ್ಡಿಯಾಗಿಬಿಟ್ಟಿತ್ತು. ಅಕ್ಕಿಯಾಗಿದ್ದರೆ ನೀರಲ್ಲಿ ಅದ್ದಿದರೆ ಸಾಕು, ಮತ್ತೆ ಮೆತ್ತಗೆ. ಅವತ್ತು ಒಂದೊಂದೇ ಎಳೆ ಕಿತ್ತು, ಮತ್ತೆ ಕೆಮ್ಮಣ್ಣು ಬಳಿದು, ರಾತ್ರಿ ಕೂತು ಅಕ್ಕಿ ಅರೆದೆ.

ಅಕ್ಕಿಯಲ್ಲೂ ಕಷ್ಟ ಇದೆ. ಮಿಕ್ಸಿಯಲ್ಲಿ ಅರೆದರೆ ತರಿ ಉಳಿಯುತ್ತದೆ, ಬಟ್ಟೆಯಲ್ಲಿ ಸೋಸಲೇಬೇಕು, ಇಲ್ಲದಿದ್ದರೆ ಸಣ್ಣ ಎಳೆ ಬರುವುದಿಲ್ಲ. ಅದಕ್ಕಿಂತ ಜಾಸ್ತಿ ಕಾಡುವುದು, ಬರೆಯುವಾಗ ಅದು ಕಾಣುವುದೇ ಇಲ್ಲ! ಹಸಿ ಎಳೆ ಬರೀ ಒದ್ದೆ ಗೆರೆ ಥರ ಇರುತ್ತದೆ, ಒಣಗುತ್ತಾ ಒಣಗುತ್ತಾ ಬೆಳ್ಳಗಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಎಳೆಯನ್ನು ಸಮನಾಗಿ ತರಬೇಕು ಅಂದರೆ ಕೈಯನ್ನೇ ನಂಬಬೇಕು. ದೊಡ್ಡಮ್ಮ ಆಗಾಗ ಹೇಳುತ್ತಿದ್ದರು, "ಕಾಣ್ಲಿಲ್ಲ ಅಂತ ಅದರ ಮೇಲೆ ಮತ್ತೆ ಬರೀಬೇಡ ಕಣೆ, ಒಣಗ್ಲಿ ತಡಿ." ಅವರಿಗೂ ಯಾರೂ ಕೂರಿಸಿ ಕಲಿಸಿದವರಿಲ್ಲ. ಸಾಗರ, ಸೊರಬದ ಕಡೆ ನಮ್ಮ ದೀವರ ಸಮುದಾಯದ ಹೆಂಗಸರು ಮದುವೆ ಮನೆಯಲ್ಲಿ ಚಿತ್ತಾರ ಬರೆಯುವ ಹಸೆ ಗೋಡೆ ಮುಂದೆ ನಿಂತು, ಅಮ್ಮನ ಕೈ ನೋಡಿ ನೋಡಿಯೇ ಕಲಿತವರು.

ಬಿಳಿ ಜೇಡಿ ಮಣ್ಣು ಕಲಸಲು ಸುಲಭ, ಆದರೆ ಬಟ್ಟೆ ತಾಗಿದರೂ ಮಾಸುತ್ತದೆ. ಕೈ ಪಳಗಿಸಲು ಚೆನ್ನಾಗಿದೆ.

ಸುಣ್ಣ ಬೇಡ. ಬೆರಳು ಉರಿಯುತ್ತದೆ. ಹಳದಿ ಬಣ್ಣ ಕೊಡುವ ಗುರಿಗೆ ಅನ್ನುವ ಕಾಯಿ ಸಿಗದೆ ಅರಿಶಿನ ಹಚ್ಚಿದ್ದರೆ, ಸುಣ್ಣ ತಾಗಿದ ಕಡೆ ಕೆಂಪಾಗಿ ಎಲ್ಲ ಕೆಡುತ್ತದೆ.

ನಾನು ಬರೆಯುವುದು ವರ್ಷಕ್ಕೆ ಎರಡು ಬುಟ್ಟಿ, ಮನೆಯಲ್ಲಿ ಮದುವೆ ಬಂದರೆ ಒಂದು ಗೋಡೆ. ಬುಟ್ಟಿಗಳಿಗೆ ಅರ್ಧ ಪಾವು ಅಕ್ಕಿ ಧಾರಾಳ ಸಾಕು. ಕಪ್ಪಿಗೂ ಅದೇ ಅಕ್ಕಿ, ಕರ್ರಗೆ ಹುರಿದು ಅರೆದರೆ ಆಯಿತು. ಹಲಗೆಯ ಮೇಲೆ ಬರೆದು ಮಾರುವವರ ಕೆಲಸ ಬೇರೆ, ತಳಕ್ಕೂ ಅಕ್ರಿಲಿಕ್ಕನ್ನೇ ಬಳಿದರೆ ಮೇಲಿನ ಎಳೆ ಗಟ್ಟಿಯಾಗಿ ಕೂರುತ್ತದೆ, ಅವರು ಅದನ್ನೇ ತಗೊಳ್ಳಲಿ.

ನನ್ನ ಡಬ್ಬಿಯಲ್ಲಿ ಮುಕ್ಕಾಲು ಭಾಗ ಉಳಿದಿತ್ತು. ಅದರಲ್ಲಿ ಗೇಟಿನ ಮೇಲೆ ಮನೆ ನಂಬರ್ ಬರೆದೆ. ಒಂದು ಮಳೆಗಾಲ ಕಳೆದರೂ ಅಲ್ಲಿ ಚೆನ್ನಾಗಿ ನಿಂತಿದೆ.