10 ಡಿಗ್ರಿಯೋ, ಅಕ್ಷಾಂಶದಷ್ಟೋ, ಕಾಲಕ್ಕೊಂದು ಕೋನವೋ?

ಸೋಲಾರ್ ಪ್ಯಾನೆಲ್ ಎಷ್ಟು ಓರೆ ಇಡಬೇಕು ಅಂತ ಕೇಳುವವರಿಗೆ ನನ್ನ ಮೊದಲ ಪ್ರಶ್ನೆ ಒಂದೇ. ನಿಮ್ಮದು ಗ್ರಿಡ್‌ಗೆ, ಅಂದರೆ ಊರಿನ ಕರೆಂಟ್ ಲೈನ್‌ಗೆ ಸೇರಿದ್ದೋ, ಬರೀ ಬ್ಯಾಟರಿಯದ್ದೋ? ಬ್ಯಾಟರಿಯನ್ನೇ ನಂಬಿದವರಿಗೆ ಬಿಸಿಲು ಕಡಿಮೆ ಇರುವ ಚಳಿಗಾಲ ದಾಟುವುದು ಮುಖ್ಯ, ಅದಕ್ಕೇ ಅವರು ಅಕ್ಷಾಂಶಕ್ಕೆ ಇನ್ನೊಂದು 15 ಡಿಗ್ರಿ ಸೇರಿಸಿ ಕಡಿದಾಗಿ ನಿಲ್ಲಿಸುತ್ತಾರೆ. ಗ್ರಿಡ್ ಇದ್ದವರಿಗೆ ಆ ಚಿಂತೆ ಇಲ್ಲ. ಹೆಚ್ಚಾದ ಕರೆಂಟ್ ಗ್ರಿಡ್‌ಗೆ ಹೋಗಿ ಲೆಕ್ಕಕ್ಕೆ ಜಮಾ ಆಗುತ್ತದೆ ಅಂದರೆ ನೋಡಬೇಕಾದ್ದು ವರ್ಷದ ಒಟ್ಟು ಯೂನಿಟ್ ಮಾತ್ರ.

ನಾನು ಪಕ್ಕಪಕ್ಕದಲ್ಲೇ ಇಟ್ಟು ನೋಡಿದ್ದು ಮೂರು ಕೋನ. ಒಂದು 10 ಡಿಗ್ರಿ, ಇನ್ನೊಂದು ಅಕ್ಷಾಂಶದಷ್ಟು, ಮೂರನೆಯದು ಅಕ್ಷಾಂಶಕ್ಕೆ 15 ಸೇರಿಸಿದ್ದು. ನಾನಿರುವುದು ಉತ್ತರ ಗೋಳಾರ್ಧದಲ್ಲಿ, 20 ಡಿಗ್ರಿಯೊಳಗಿನ ಅಕ್ಷಾಂಶದಲ್ಲಿ, ಹಾಗಾಗಿ ಮೂರೂ ದಕ್ಷಿಣಕ್ಕೆ ಮುಖ. ಪ್ಯಾನೆಲ್ ಒಂದೇ ಮಾಡೆಲ್, ಒಂದೊಂದಕ್ಕೂ ಬೇರೆ ಮೈಕ್ರೋ ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿಗೆ ಬದಲಿಸುವ ಸಣ್ಣ ಪೆಟ್ಟಿಗೆ). ಇದು ಮುಖ್ಯ. ಸಾಮಾನ್ಯ ಇನ್ವರ್ಟರ್‌ನಲ್ಲಿ ಒಂದೇ ಸ್ಟ್ರಿಂಗ್‌ಗೆ, ಅಂದರೆ ಒಂದರ ಹಿಂದೊಂದು ವೈರ್ ಮಾಡಿದ ಸಾಲಿಗೆ, ಬೇರೆ ಬೇರೆ ಕೋನದ ಪ್ಯಾನೆಲ್ ಜೋಡಿಸಿದರೆ ಕಡಿಮೆ ಕರೆಂಟ್ ಕೊಡುವುದು ಉಳಿದವನ್ನೂ ಕೆಳಗೆ ಎಳೆಯುತ್ತದೆ, ಯಾವುದು ಎಷ್ಟು ಕೊಟ್ಟಿತು ಅನ್ನುವುದೇ ಗೊತ್ತಾಗುವುದಿಲ್ಲ.

ಮೊದಲು ಕಡಿದಾದದ್ದನ್ನು ಮುಗಿಸಿಬಿಡೋಣ. ಡಿಸೆಂಬರ್‌ನಲ್ಲಿ ಅದೇ ಮುಂದೆ. ಬೇಸಿಗೆ ಬಂದ ಮೇಲೆ ಮೂರರಲ್ಲಿ ಕೊನೆ, ಅದೂ ಎದ್ದು ಕಾಣುವಷ್ಟು. ಕಾರಣ ಸರಳ. ಅಕ್ಷಾಂಶ 23.4ಕ್ಕಿಂತ ಕಡಿಮೆ ಇರುವ ಕಡೆ ಬೇಸಿಗೆಯ ಕೆಲವು ವಾರ ಮಧ್ಯಾಹ್ನದ ಸೂರ್ಯನೇ ಉತ್ತರಕ್ಕೆ ಸರಿದಿರುತ್ತಾನೆ. ಆಗ ಬೆಳಿಗ್ಗೆ, ಸಂಜೆ ಬಿಸಿಲು ಪ್ಯಾನೆಲ್‌ನ ಬೆನ್ನಿಗೆ ಬೀಳುತ್ತದೆ. ಮೋಡ ಇದ್ದರೂ ಅದಕ್ಕೆ ನಷ್ಟವೇ, ಯಾಕೆಂದರೆ ಮೋಡದ ದಿನ ಬೆಳಕು ಇಡೀ ಆಕಾಶದಿಂದ ಬರುತ್ತದೆ, ಓರೆ ಜಾಸ್ತಿಯಾದಷ್ಟೂ ಪ್ಯಾನೆಲ್‌ಗೆ ಕಾಣುವ ಆಕಾಶ ಕಡಿಮೆ. ಹಿಮ ಬೀಳುವ ಕಡೆ ಕಡಿದಾದ ಕೋನಕ್ಕೆ ಅರ್ಥ ಇದೆ, ಹಿಮ ತಾನೇ ಜಾರುತ್ತದೆ. ಉಳಿದಂತೆ ಗ್ರಿಡ್‌ನವರಿಗೆ ಇದು ಬೇಡ.

ನಿಜವಾದ ಪೈಪೋಟಿ 10 ಡಿಗ್ರಿಗೂ ಅಕ್ಷಾಂಶದಷ್ಟಕ್ಕೂ ನಡುವೆ. ಬೇಸಿಗೆಯಲ್ಲಿ 10 ಮುಂದೆ, ಚಳಿಗಾಲದಲ್ಲಿ ಇನ್ನೊಂದು ಮುಂದೆ, ವರ್ಷ ಮುಗಿದಾಗ ಹೇಳಿಕೊಳ್ಳುವಂಥ ಅಂತರ ಉಳಿಯಲಿಲ್ಲ. ಆಶ್ಚರ್ಯಪಡಬೇಕಾದ್ದೇನಿಲ್ಲ. ನೇರ ಬಿಸಿಲಿಗೆ ಪ್ಯಾನೆಲ್ 10 ಡಿಗ್ರಿ ತಪ್ಪಿ ನಿಂತರೂ ನಷ್ಟ ಶೇ 1.5 ಮಾತ್ರ. 20 ತಪ್ಪಿದರೆ ಶೇ 6, 30 ತಪ್ಪಿದರೆ ಶೇ 13. ಮೊದಮೊದಲು ನಷ್ಟ ಗೊತ್ತೇ ಆಗುವುದಿಲ್ಲ, ಆಮೇಲೆ ಬೇಗ ಏರುತ್ತದೆ. 17 ಡಿಗ್ರಿನಾ 19 ಡಿಗ್ರಿನಾ ಅಂತ ವಾದ ಮಾಡುವುದು ಸುಮ್ನೆ ಕಾಲಹರಣ, ಅಲ್ವಾ?

ಹಾಗಾಗಿ ಬೇರೆ ವಿಷಯ ನೋಡಿ ನಿರ್ಧಾರ ಮಾಡಬೇಕು. ಜಾಗದ ಲೆಕ್ಕದಲ್ಲಿ 10 ಡಿಗ್ರಿ ಗೆಲ್ಲುತ್ತದೆ. ಎರಡು ಮೀಟರ್ ಉದ್ದದ ಪ್ಯಾನೆಲ್ ನಿಲ್ಲಿಸಿದರೆ 10 ಡಿಗ್ರಿಯಲ್ಲಿ ಅದರ ಹಿಂದಿನ ಅಂಚು ಮುಂದಿನದಕ್ಕಿಂತ 35 ಸೆಂಟಿಮೀಟರ್ ಎತ್ತರ, 30 ಡಿಗ್ರಿಯಲ್ಲಿ ಒಂದು ಮೀಟರ್. ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದಾಗ ಮೊದಲನೆಯದರ ನೆರಳು 60 ಸೆಂಟಿಮೀಟರ್, ಎರಡನೆಯದರದ್ದು ಸುಮಾರು 1.7 ಮೀಟರ್. ಅಷ್ಟು ಬಿಟ್ಟು ಮುಂದಿನ ಸಾಲು ಹಾಕಬೇಕು ಅಂದರೆ ತಾರಸಿಯಲ್ಲಿ ಪ್ಯಾನೆಲ್‌ಗಳೇ ಕಡಿಮೆ ಹಿಡಿಯುತ್ತವೆ, ಕೋನದಲ್ಲಿ ಗಳಿಸಿದ್ದು ಅಲ್ಲೇ ಹೋಯಿತು. ಗಾಳಿಯ ಹೊಡೆತವೂ ಓರೆ ಕಡಿಮೆ ಇದ್ದರೆ ಕಡಿಮೆ, ಪ್ಯಾನೆಲ್ ಹೊತ್ತಿರುವ ಸ್ಟ್ರಕ್ಚರ್‌ಗೆ ಹಗುರ.

10 ಡಿಗ್ರಿಗೆ ಇರುವ ತೊಂದರೆ ಧೂಳು. ಮಳೆ ಬಂದರೂ ನೀರು ನಿಧಾನ ಇಳಿದು ಕೆಳಗಿನ ಫ್ರೇಮ್ ಹತ್ತಿರ ನಿಂತು ಒಣಗುತ್ತದೆ, ಅಲ್ಲಿ ಕೆಸರಿನ ಪಟ್ಟಿ ಕೂರುತ್ತದೆ. ಪಟ್ಟಿ ಸಣ್ಣದೇ, ಆದರೆ ಅದು ಕೆಳಗಿನ ಸಾಲಿನ ಸೆಲ್‌ಗಳನ್ನು ಮುಚ್ಚಿದರೆ ಕೋನದ ವ್ಯತ್ಯಾಸಕ್ಕಿಂತ ಜಾಸ್ತಿ ನಷ್ಟ. ನನ್ನಲ್ಲೂ ಓರೆ ಜಾಸ್ತಿ ಇದ್ದ ಪ್ಯಾನೆಲ್‌ಗಳು ಮಳೆಗೆ ತಾವೇ ತೊಳೆದುಕೊಂಡವು, 10ರದ್ದಕ್ಕೆ ನಾನೇ ಒರೆಸುವ ಕೋಲು ಹಿಡಿಯಬೇಕಾಯಿತು. 10ಕ್ಕಿಂತ ಕೆಳಗಂತೂ ಹೋಗಲೇಬೇಡಿ. ಒರೆಸಲು ಸೋಮಾರಿಗಳಾದರೆ 15 ಇಡಿ, ನಾನೀಗ ಯಾರು ಕೇಳಿದರೂ ಹೇಳುವುದು ಅದೇ.

ಕಾಲಕ್ಕೊಂದು ಕೋನ ಬದಲಿಸುವುದನ್ನೂ ಮಾಡಿ ನೋಡಿದೆ. ಅಕ್ಷಾಂಶ 40ರ ಹತ್ತಿರದವರಿಗೆ ವರ್ಷಕ್ಕೆ ಎರಡು ಸಲ ಬದಲಿಸಿದರೆ ಸುಮಾರು ಶೇ 4ರಿಂದ 5 ಲಾಭ ಸಿಗುತ್ತದೆ, ನಾಲ್ಕು ಸಲ ಬದಲಿಸಿದರೆ ಅದರ ಮೇಲೆ ಸಿಗುವುದು ಶೇ 1 ಕೂಡ ಇಲ್ಲ. ನೆಲದ ಮೇಲಿನ ನಾಲ್ಕು ಪ್ಯಾನೆಲ್‌ಗೆ ಪರವಾಗಿಲ್ಲ. ಇಡೀ ತಾರಸಿಯ ಬೋಲ್ಟ್ ಬಿಚ್ಚಿ ಕಟ್ಟುವುದೆಂದರೆ ಎರಡನೇ ವರ್ಷಕ್ಕೆ ಉತ್ಸಾಹ ಇಳಿಯುತ್ತದೆ, ಬೋಲ್ಟ್ ತುಕ್ಕು ಹಿಡಿದಿರುತ್ತದೆ. ಕೋನ ಬದಲಿಸುವ ಸ್ಟ್ರಕ್ಚರ್‌ಗೆ ಹಾಕುವ ದುಡ್ಡಿಗೆ ಇನ್ನೊಂದು ಪ್ಯಾನೆಲ್ ಹಾಕಿಸಿ.

ಪೂರ್ವ, ಪಶ್ಚಿಮಕ್ಕೆ ಮುಖ ಮಾಡಿ ಅರ್ಧರ್ಧ ಹಾಕುವುದು ಬೇರೆಯೇ ಆಟ. ಒಟ್ಟು ಯೂನಿಟ್ ಸ್ವಲ್ಪ ಕಡಿಮೆ, ಆದರೆ ಉತ್ಪಾದನೆ ಬೆಳಿಗ್ಗೆ ಸಂಜೆಗೆ ಹರಡುತ್ತದೆ. ಗ್ರಿಡ್‌ಗೆ ಕೊಡುವ ಯೂನಿಟ್‌ಗೆ ಕಡಿಮೆ ದರ, ನೀವು ಕೊಳ್ಳುವ ಯೂನಿಟ್‌ಗೆ ಜಾಸ್ತಿ ದರ ಇದ್ದರೆ ಮಾತ್ರ ಇದನ್ನು ಯೋಚಿಸಿ.

ನಿಮ್ಮ ಊರಿನ ಲೆಕ್ಕಕ್ಕೆ ಪಿವಿಜಿಐಎಸ್ ಅಥವಾ ಪಿವಿವಾಟ್ಸ್ ನೋಡಿ, ಎರಡೂ ಸೋಲಾರ್ ಉತ್ಪಾದನೆ ಲೆಕ್ಕ ಹಾಕಿಕೊಡುವ ಉಚಿತ ವೆಬ್‌ಸೈಟ್‌ಗಳು. ಒಂದೇ ಜಾಗಕ್ಕೆ ಮೂರು ಕೋನ ಕೊಟ್ಟು ವರ್ಷದ ಯೂನಿಟ್ ಹೋಲಿಸಿ. ಸ್ಟ್ರಕ್ಚರ್ ಬಿಗಿ ಮಾಡುವ ಮೊದಲು ಮೊಬೈಲ್‌ನ ಲೆವೆಲ್ ಆಪ್ ಅನ್ನು ಪ್ಯಾನೆಲ್ ಮೇಲೇ ಇಟ್ಟು ಅಳೆಯಿರಿ, ಯಾಕೆಂದರೆ ತಾರಸಿಗೇ ಒಂದಿಷ್ಟು ಇಳಿಜಾರು ಇರುತ್ತದೆ, ಅದು ಲೆಕ್ಕದಲ್ಲಿ ಸೇರಿರುವುದಿಲ್ಲ.