ವ್ಯಾಗನ್ ಆರ್‌ಗೆ ಹಾಕಿಸಿದ ಆಯಿಲ್, ಫಿಲ್ಟರ್: ನನ್ನ ಅನುಭವ

ಬದಿಯಡ್ಕದಿಂದ ಕುಂಬಳೆಗೆ ದಿನಾ ಹೋಗಿ ಬರುವ ಹಳೆ ಪೆಟ್ರೋಲ್ ವ್ಯಾಗನ್ ಆರ್ ನನ್ನದು. ಮಳೆಗಾಲ ಬಿಟ್ಟರೆ ಉಳಿದ ತಿಂಗಳೆಲ್ಲ ಕೆಂಪು ಧೂಳು. ಮುಂದೆ ಒಂದು ಮುರಕಲ್ಲಿನ ಲಾರಿ ಸಿಕ್ಕಿದರೆ ಮುಗಿಯಿತು, ಹೈವೇ ಅಗಲ ಮಾಡುವ ಕೆಲಸ ನಡೆಯುವಾಗಂತೂ ಕೇಳುವುದೇ ಬೇಡ.

ಕಳೆದ ವರ್ಷ ಕಡಿಮೆಗೆ ಸಿಕ್ಕಿತೆಂದು ಯಾವುದೋ ಲೋಕಲ್ ಏರ್ ಫಿಲ್ಟರ್ ಹಾಕಿಸಿದ್ದೆ. ಆಯಿಲ್ ಮಾತ್ರ ದುಬಾರಿಯದ್ದೇ. ಮೂರು ತಿಂಗಳಾದ ಮೇಲೆ ಸುಮ್ನೆ ಬಾಕ್ಸ್ ತೆರೆದು, ಫಿಲ್ಟರಿನ ಆಚೆ, ಎಂಜಿನ್ ಕಡೆಯ ಪ್ಲಾಸ್ಟಿಕ್ ಮೇಲೆ ಬೆರಳಿನಿಂದ ಒರೆಸಿದೆ. ಬೆರಳ ತುದಿ ಕೆಂಪಾಯಿತು. ಅಲ್ಲಿ ಧೂಳು ಇರಲೇಬಾರದು ಅಲ್ವಾ? ನೋಡಿದರೆ ಒಂದು ಮೂಲೆಯಲ್ಲಿ ಅಂಚಿನ ರಬ್ಬರ್ ಸರಿಯಾಗಿ ಕೂತಿರಲಿಲ್ಲ. ಆ ಸಂದಿಯಿಂದ ನುಗ್ಗಿದ ಧೂಳು ಸಿಲಿಂಡರನ್ನೂ ಪಿಸ್ಟನ್ ರಿಂಗನ್ನೂ ಸವೆಸುತ್ತದೆ, ಆಮೇಲೆ ಆಯಿಲಿಗೂ ಸೇರುತ್ತದೆ. ಎಂಥ ಒಳ್ಳೆ ಆಯಿಲ್ ಹಾಕಿ ಏನು ಪ್ರಯೋಜನ?

ಈ ಸಲ ಏರ್ ಫಿಲ್ಟರ್, ಆಯಿಲ್ ಫಿಲ್ಟರ್ ಎರಡೂ ಮಾರುತಿ ಜೆನ್ಯೂಯಿನ್. ಬೆಲೆ ಜಾಸ್ತಿ, ನಿಜ. ಆದರೆ ಒತ್ತಿದ ಕೂಡಲೇ ರಬ್ಬರ್ ಸುತ್ತಲೂ ಕೂತಿತು, 4,000 ಕಿ.ಮೀ. ಓಡಿದ ಮೇಲೆ ಅದೇ ಜಾಗ ಒರೆಸಿದರೆ ಬೆರಳು ಚೊಕ್ಕ, ಕೆಂಪಾಗಿದ್ದದ್ದು ಫಿಲ್ಟರಿನ ಕಾಗದ ಮಾತ್ರ. ಗ್ಯಾರೇಜಿನಲ್ಲಿ ಗಾಳಿ ಹೊಡೆದು ಹಳೆಯದನ್ನೇ ಹಾಕುತ್ತೇವೆ ಎಂದರೆ ಬೇಡ ಎನ್ನಿ. ಹತ್ತಿರದಿಂದ ಜೋರಾಗಿ ಹೊಡೆದರೆ ಕಾಗದ ಹರಿಯುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ.

ಆಯಿಲ್ ಶೆಲ್ ಹೀಲಿಕ್ಸ್ ಎಚ್‌ಎಕ್ಸ್8, 5ಡಬ್ಲ್ಯು-30, ನನ್ನ ಮ್ಯಾನುಯಲ್‌ನಲ್ಲಿರುವ ಗ್ರೇಡೇ. ನಮ್ಮ ಸೆಖೆಗೆ 20ಡಬ್ಲ್ಯು-40 ಹಾಕಿ, ದಪ್ಪ ಇದ್ದರೆ ಒಳ್ಳೇದು ಎನ್ನುವವರು ಇಲ್ಲಿ ಬೇಕಾದಷ್ಟು ಜನ. ಬಿಸಿಯಾದಾಗಿನ ದಪ್ಪ ಹೇಳುವುದು ಕೊನೆಯ 30, ತಣ್ಣಗಿರುವಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದು ಮೊದಲಿನ 5. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಮೇಲಕ್ಕೆ ತಲುಪಬೇಕು. ಡಬ್ಬಿಯಲ್ಲಿ ಆಯಿಲಿನ ಗುಣಮಟ್ಟದ ದರ್ಜೆ ಎಪಿಐ ಎಸ್‌ಎನ್ ಅಥವಾ 2020ರಲ್ಲಿ ಬಂದ ಎಸ್‌ಪಿ ಎಂದಿದೆಯಾ ನೋಡಿ. ಬೇಗ ಕಪ್ಪಾಯಿತು ಎಂದು ಹೆದರಬೇಡಿ, ಒಳಗಿನ ಮಸಿಯನ್ನು ತನ್ನಲ್ಲೇ ಹಿಡಿದುಕೊಂಡರೆ ಆಯಿಲ್ ಕಪ್ಪಾಗಲೇಬೇಕು.

ಎರಡು ಸರ್ವಿಸಿಗೆ ಒಂದೇ ಆಯಿಲ್ ಫಿಲ್ಟರ್ ಸಾಕು ಎನ್ನುವ ಮಾತನ್ನೂ ಕೇಳಬೇಡಿ. ಫಿಲ್ಟರ್ ಕಟ್ಟಿಕೊಂಡರೆ ಒಳಗಿನ ಬೈಪಾಸ್ ವಾಲ್ವ್ ತೆರೆದು, ಸೋಸದ ಆಯಿಲೇ ಎಂಜಿನಿಗೆ ಹೋಗುತ್ತದೆ.

ಹಾಕಿಕೊಟ್ಟ ಮೆಕ್ಯಾನಿಕ್ ಅಣ್ಣನ ಕೆಲಸ ನನಗೆ ತುಂಬಾ ಹಿಡಿಸಿತು. ಹಳೆ ಆಯಿಲ್ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನಿಗೇ ಅಂಟಿ ಉಳಿದಿಲ್ಲ ಎಂದು ಮೊದಲು ನೋಡಿದರು, ಹೊಸ ರಿಂಗಿಗೆ ಬೆರಳಿನಿಂದ ಆಯಿಲ್ ಸವರಿದರು, ಫಿಲ್ಟರನ್ನು ಕೈಯಲ್ಲೇ ತಿರುಗಿಸಿ ಬಿಗಿ ಮಾಡಿದರು. ಹಳೆ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿನ ವಾಷರೂ ಹೊಸದು. ಕೊನೆಗೆ ಖಾಲಿ ಡಬ್ಬಿಗೆ ಸ್ಕ್ರೂಡ್ರೈವರಿನಿಂದ ತೂತು ಹಾಕಿದರು, ಯಾರೂ ಅದರಲ್ಲಿ ಡ್ಯೂಪ್ಲಿಕೇಟ್ ತುಂಬಿಸಿ ಮಾರಬಾರದಲ್ವಾ.